ಡೆಂಗ್ಯೂ ಆದಮೇಲೆ ಕೂದಲು ಉದುರ್ತಾ ಇದೆ, ಅನುಭವ ಇದ್ದವರು ಹೇಳಿ

ಕೇಳಿದವರು, ಕಾರವಾರ: ಜುಲೈ ಕೊನೆಗೆ ಡೆಂಗ್ಯೂ ಆಗಿತ್ತು. ಈಗ ನವರಾತ್ರಿ, ತಲೆ ಬಾಚಿದರೆ ಕೈತುಂಬ ಕೂದಲು. ಕಾರವಾರದ ನೀರು ನಿಂಗೆ ಆಗ್ತಿಲ್ಲ, ಶಿರಸಿಗೇ ಬಂದುಬಿಡು ಅಂತಾಳೆ ಅಮ್ಮ. ಔಷಧಿ ಶುರು ಮಾಡ್ಲಾ?

ಶಿರಸಿಯಿಂದ: ನೀರಿನ ತಪ್ಪಲ್ಲ ತಂಗಿ. ನನಗೂ ಬಾಣಂತನ ಮುಗಿಸಿ ಬಂದಮೇಲೆ ಇದೇ ಕತೆ, ಬಚ್ಚಲಿನ ನೀರು ಹೋಗೋ ತೂತೇ ಕಟ್ಟಿಕೊಳ್ತಿತ್ತು. ಚರ್ಮದ ಡಾಕ್ಟರು ಉದುರಿದ ಒಂದು ಕೂದಲನ್ನು ಬೆಳಕಿಗೆ ಹಿಡಿದು ತೋರಿಸಿದರು. ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗಂಟು. ಬೇರೇ ಕಿತ್ತುಬಂತು ಅಂತ ಹೆದರ್ತೇವಲ್ಲ, ಹಾಗಲ್ಲ. ಕೂದಲು ಹುಟ್ಟೋ ಚೀಲ ಚರ್ಮದೊಳಗೇ ಇರ್ತದೆ. ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆದು, ಸುಮಾರು 3 ತಿಂಗಳು ಸುಮ್ಮನಿದ್ದು, ಆಮೇಲೆ ಬೀಳೋದು. ಜೋರು ಜ್ವರ, ಹೆರಿಗೆ, ಉಪವಾಸ ಆದ್ರೆ ಬೆಳೀತಾ ಇದ್ದವೂ ಗುಂಪಾಗಿ ಬೆಳವಣಿಗೆ ನಿಲ್ಲಿಸ್ತವೆ. ಅದಕ್ಕೇ ಜ್ವರ ಬಂದು 2-3 ತಿಂಗಳ ಮೇಲೆ ಉದುರೋಕೆ ಶುರು. ಜುಲೈಯಿಂದ ಲೆಕ್ಕ ಹಾಕು, ಸರಿಯಾಗಿ ಕೂಡ್ತದೆ. ಸಾಮಾನ್ಯವಾಗಿ 6 ತಿಂಗಳೊಳಗೆ ತಾನಾಗೇ ನಿಲ್ತದೆ. ನನಗೆ ಹಣೆ ಅಂಚಲ್ಲಿ ಮರಿಗೂದಲು ಎದ್ದು, ಜಡೆಗೆ ಸೇರದೇ ಗೋಳಾಡಿಸಿದ್ದವು!

ಕುಮಟಾದಿಂದ, ಲ್ಯಾಬಲ್ಲಿ ಕೆಲಸ: ಡಾಕ್ಟರಿಗೆ ಕೇಳಿ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸೋದು), ಥೈರಾಯ್ಡ್ ನೋಡಿಸಿ. ಹಿಮೋಗ್ಲೋಬಿನ್ ಸರಿ ಇದ್ರೂ ಫೆರಿಟಿನ್ ಕಮ್ಮಿ ಇರಬಹುದು. ಕೂದಲಿಗೆ ಅಂತ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ನುಂಗ್ತಿದ್ರೆ ರಕ್ತ ಕೊಡೋ ಮುಂಚೆ ಹೇಳಿ, ಥೈರಾಯ್ಡ್ ರಿಪೋರ್ಟೇ ಏರುಪೇರಾಗಬಹುದು.

ಅಂಕೋಲಾದಿಂದ: ನಂದು ಬೇರೆ ಥರ. ಅಪ್ಪನ ಹಾಗೆ ನೆತ್ತಿ, ಹಣೆ ಮೂಲೆ ಖಾಲಿ. ಡಿಎಚ್‌ಟಿ ಅನ್ನೋ ಹಾರ್ಮೋನಿಗೆ ಅಲ್ಲಿನ ಚೀಲಗಳು ವರ್ಷವರ್ಷಕ್ಕೆ ಕುಗ್ಗಿ, ಕೂದಲು ನವಿರಾಗ್ತಾ ಹೋಗ್ತದೆ. ಕೂದಲು ಬೆಳೆಯೋಕೆ ಮಿನಾಕ್ಸಿಡಿಲ್ ಅನ್ನೋ ಔಷಧಿ ತಲೆಗೆ ಹಚ್ತೇನೆ (ಮೊದಲು ಅದು ಬಿಪಿ ಮಾತ್ರೆ ಆಗಿತ್ತಂತೆ). ಮೊದಲ ವಾರಗಳಲ್ಲಿ ಇನ್ನೂ ಜಾಸ್ತಿ ಉದುರ್ತದೆ, ಅಲ್ಲೇ ಸುಮಾರು ಜನ ಬಿಟ್ಟುಬಿಡೋದು. ಫಲ ಗೊತ್ತಾಗೋಕೆ 4-6 ತಿಂಗಳು ಬೇಕು, ನಿಲ್ಲಿಸಿದ್ರೆ ಬಂದದ್ದೂ ಹೋಗ್ತದೆ. ಡಿಎಚ್‌ಟಿ ಕಮ್ಮಿ ಮಾಡೋ ಫಿನಾಸ್ಟರೈಡ್ ಮಾತ್ರೆಯನ್ನು ಡಾಕ್ಟರ್ ಹೇಳದೆ ಯಾರೂ ತಗೋಬೇಡಿ. ಬಸುರಿಯರಂತೂ ಒಡೆದ ಮಾತ್ರೆ ಮುಟ್ಟಲೂ ಬಾರದು.

ಹೊನ್ನಾವರದಿಂದ: ದಾಸವಾಳ ಸೊಪ್ಪಿನ ಲೋಳೆ ಹಚ್ಚಿದ್ರೆ?

ಶಿರಸಿಯಿಂದ: ಧಾರಾಳ ಹಚ್ಚಿ, ನಾನೂ ಹಚ್ತೇನೆ. ಕೂದಲು ನುಣುಪಾಗ್ತದೆ, ಸಿಕ್ಕು ಬಿಡ್ತದೆ, ಅಷ್ಟೇ. ಡೆಂಗ್ಯೂ ತಂಗಿ, ಈಗಲೇ ಮಿನಾಕ್ಸಿಡಿಲ್ ಗಿನಾಕ್ಸಿಡಿಲ್ ಬೇಡ. ಮೊಟ್ಟೆ, ಬೇಳೆ, ಮೀನು ಚೆನ್ನಾಗಿ ತಿನ್ನು. ರೂಪಾಯಿ ಅಗಲಕ್ಕೆ ದುಂಡಗೆ ಬೋಳಾದ್ರೆ, ಅಥವಾ ಬೈತಲೆ ಅಗಲ ಆಗ್ತಾ ಹೋದ್ರೆ ಮಾತ್ರ ಕಾಯಬೇಡ, ಚರ್ಮದ ಡಾಕ್ಟರ ಹತ್ರ ಹೋಗು.