ಸಂಕ್ರಾಂತಿಯಿಂದ ಸಂಕ್ರಾಂತಿವರೆಗೆ ಕಾಲಕ್ಕೆ ತಕ್ಕ ಊಟ: ಬೇಸಿಗೆ, ಮಳೆಗಾಲಕ್ಕೆ ಏನು ಮಾಡ್ತೀರಾ, ಎಲ್ಲಿಗೆ ಹೋಗ್ತೀರಾ?

ರುಚಿ_ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಕುವೆಂಪುನಗರದವನು. ಕಳೆದ ಸಂಕ್ರಾಂತಿಯಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಆಯಾ ಕಾಲಕ್ಕೆ ಮಾರ್ಕೆಟ್ಟಿಗೆ ಏನು ಬರುತ್ತದೋ ಅದನ್ನೇ ಮನೆಯಲ್ಲಿ ಮಾಡುವುದು. ಹೊರಗೆ ತಿನ್ನಲು ಹೋದರೂ, ಊರು ಸುತ್ತಲು ಹೋದರೂ ಅದರ ಹಿಂದೆಯೇ ಹೋಗುವುದು. ವರ್ಷಪೂರ್ತಿ ಅದೇ ಕ್ಯಾರೆಟ್ಟು, ಅದೇ ಬೀನ್ಸು, ಅದೇ ಕೋಸು ತಿಂದು ಸಾಕಾಗಿತ್ತು.

ಚಳಿಗಾಲದ ಬಗ್ಗೆ ಯೋಚನೆಯೇ ಇಲ್ಲ, ಅವರೆಕಾಯಿ ಇದೆ. ದೇವರಾಜ ಮಾರ್ಕೆಟ್ಟಿನಲ್ಲಿ ರಾಶಿ ಬೀಳುವುದಕ್ಕೇ ಕಾಯುತ್ತಿರುತ್ತೇನೆ. ಕಾಯಿ ಹಿಡಿದರೆ ಬೆರಳಿಗೆ ಎಣ್ಣೆ ಅಂಟಬೇಕು, ಸೊಗಡು ಮೂಗಿಗೆ ಹೊಡೆಯಬೇಕು. ಇಲ್ಲದಿದ್ದರೆ ಮುಂದಿನ ರಾಶಿ ನೋಡುತ್ತೇನೆ. ರಾತ್ರಿ ಕಾಳು ನೆನೆಹಾಕಿದರೆ ಬೆಳಿಗ್ಗೆ ಮನೆಯವರೆಲ್ಲ ಕೂತು ಹಿಸುಕುವುದು, ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪಾತ್ರೆಗೆ ಬೀಳುತ್ತದೆ. ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಅಕ್ಕಿ ರೊಟ್ಟಿ, ಶಿವರಾತ್ರಿವರೆಗೂ ಇದೇ ನಡೆಯುತ್ತದೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಯುಗಾದಿಗೆ ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ, ಬೇಳೆ ಬಸಿದ ಕಟ್ಟಿನಲ್ಲಿ ಒಬ್ಬಟ್ಟಿನ ಸಾರು. (ನನಗೆ ಒಬ್ಬಟ್ಟಿಗಿಂತ ಆ ಸಾರೇ ಇಷ್ಟ, ಅದೂ ಒಂದು ರಾತ್ರಿ ಕಳೆದ ಮೇಲೆ.) ಮಾರನೇ ದಿನ ಹೊಸತೊಡಕಿಗೆ ಮಂಡ್ಯದ ನೆಂಟರ ಮನೆಯಲ್ಲಿ ಬನ್ನೂರು ಕುರಿ ಬಾಡಿನೂಟ. ವೈರಮುಡಿ ಉತ್ಸವದ ಹೊತ್ತಿಗೆ ಮೇಲುಕೋಟೆಗೆ ಹೋಗಿ ಪುಳಿಯೋಗರೆ ತಿಂದೆವು. ದಸರಾ ಬಂದರೆ ಆಹಾರ ಮೇಳ. ಅಲ್ಲಿ ಕಾಡಿನ ಹಾಡಿಗಳ ಆದಿವಾಸಿಗಳು ಬೊಂಬಿನೊಳಗೆ ಅಕ್ಕಿ, ಕೋಳಿ, ಮಸಾಲೆ ತುಂಬಿ, ಬಾಯಿಗೆ ಎಲೆ ಮುಚ್ಚಿ ಕೆಂಡದ ಮೇಲೆ ಬೇಯಿಸುತ್ತಾರಲ್ಲ, ಆ ಬಿರಿಯಾನಿಗೆ ಎಷ್ಟು ಹೊತ್ತು ಬೇಕಾದರೂ ಸಾಲಿನಲ್ಲಿ ನಿಲ್ಲುತ್ತೇನೆ.

ಊರೊಳಗಿನ ಹೋಟೆಲಿಗೆ ಕಾಲದ ಹಂಗಿಲ್ಲ. ನಜರ್‌ಬಾದಿನ ಮೈಲಾರಿಯಲ್ಲಿ ಬೆಣ್ಣೆ ಕರಗುತ್ತಿರುವ ಮೆತ್ತನೆ ದೋಸೆ, ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನ ಮಟನ್ ಪಲಾವ್, ಇವು ವರ್ಷಪೂರ್ತಿ ಬೇಕು.

ಈಗ ಪ್ರಶ್ನೆ. ಏಪ್ರಿಲ್-ಮೇ ಬಿರುಬೇಸಿಗೆಗೆ ಮಾವು ಬಿಟ್ಟರೆ ನನಗೆ ಏನೂ ತೋಚುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೂ ಅಷ್ಟೇ. ಆಗ ನಿಮ್ಮ ಮನೆಗಳಲ್ಲಿ ಏನು ಮಾಡುತ್ತೀರಿ? ಮಳೆಗಾಲದಲ್ಲಿ ಊಟಕ್ಕೆಂದೇ ಹೋಗಬಹುದಾದ ಜಾಗ ಯಾವುದು? ಇನ್ನೊಂದು, ಬೆಂಗಳೂರಿಗೆ ಹೋಗಿ ಬರುವಾಗ ಎಕ್ಸ್‌ಪ್ರೆಸ್‌ವೇಯಲ್ಲಿ ಬಾಯಿಗೆ ರುಚಿ ಅನ್ನಿಸುವಂಥದ್ದು ಏನೂ ಸಿಗುತ್ತಿಲ್ಲ, ನೀವೆಲ್ಲ ಎಲ್ಲಿ ನಿಲ್ಲಿಸುತ್ತೀರಿ?

ಮಂಡ್ಯ_ಅಡುಗೆಮನೆ

ಬೇಸಿಗೆಗೆ ಏನೂ ತೋಚಲ್ಲ ಅಂದ್ರೆ ಹೇಗೆ ಸರ್? ನಮ್ಮ ಮನೆಯಲ್ಲಿ ಅತಿ ಜಾಸ್ತಿ ಕೆಲಸ ಆಗೋದೇ ಆಗ! ಇಡೀ ವರ್ಷಕ್ಕೆ ಬೇಕಾದ ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಎಲ್ಲಾ ಆ ಬಿಸಿಲಿನಲ್ಲೇ ಆಗಬೇಕು. ಬೂದುಗುಂಬಳ ತುರಿದು ಭತ್ತದ ಅರಳಿನ ಜೊತೆ ಕಲೆಸಿ ಇಡುವ ಅರಳು ಸಂಡಿಗೆ ಒಮ್ಮೆ ಮಾಡಿ ನೋಡಿ, ಅಂಗಡಿಯದು ಮತ್ತೆ ಮುಟ್ಟಲ್ಲ ನೀವು.

ಬಾಳಕ ಸುಲಭ. ಸ್ವಲ್ಪ ದಪ್ಪಗಿರುವ ಹಸಿಮೆಣಸಿನಕಾಯಿ ತಗೊಂಡು, ತೊಟ್ಟು ತೆಗೆಯದೆ ಉದ್ದಕ್ಕೆ ಒಂದು ಸೀಳು ಹಾಕಿ. ಚೆನ್ನಾಗಿ ಹುಳಿ ಬಂದ ಮೊಸರಿಗೆ ಉಪ್ಪು ಸ್ವಲ್ಪ ಮುಂದಾಗಿಯೇ ಹಾಕಿ, ಅದರಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಕಾಯಿ ಮಾತ್ರ ತೆಗೆದು ಬಿಸಿಲಿಗೆ ಹರವಿ, ಸಂಜೆ ಮತ್ತೆ ಅದೇ ಮೊಸರಿಗೆ. ಮೊಸರೆಲ್ಲ ಕಾಯಿ ಕುಡಿದು ಮುಗಿಯುವವರೆಗೂ ಹೀಗೇ. ಆಮೇಲೆ ಗಲಗಲ ಅನ್ನುವ ತನಕ ಒಣಗಿಸಿ ಡಬ್ಬಕ್ಕೆ ಹಾಕಿ. ಮೊಸರನ್ನದ ಜೊತೆ ಕರಿದುಕೊಂಡರೆ ಬೇರೇನೂ ಬೇಡ.

ಇನ್ನು ಒಬ್ಬಟ್ಟು ಅಂದಿರಲ್ಲ, ಬೆಲ್ಲ ಯಾವುದು ಹಾಕುತ್ತೀರಿ? ನೋಡೋಕೆ ಚಂದ ಅಂತ ಹಳದಿ ಬೆಲ್ಲ ತರಬೇಡಿ. ಆ ಬಣ್ಣ ಬರಲಿ ಅಂತ ಎಷ್ಟೋ ಕಡೆ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕುತ್ತಾರೆ. ನಮ್ಮ ಕಡೆ ಬಂದಾಗ ಆಲೆಮನೆಯಲ್ಲಿ ನಿಂತು ನೋಡಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕಿ ಮೇಲೆ ಬಂದ ಕೊಳೆ ತೆಗೆಯುವ ಆಲೆಮನೆಗಳು ಇನ್ನೂ ಇವೆ. ಬೆಲ್ಲ ಕಂದು ಬಣ್ಣಕ್ಕಿರುತ್ತದೆ, ಒಬ್ಬಟ್ಟಿನ ರುಚಿಯೇ ಬೇರೆ.

ಹಳೇರಸ್ತೆ

ಎಕ್ಸ್‌ಪ್ರೆಸ್‌ವೇ ಪ್ರಶ್ನೆಗೆ ನನ್ನ ಉತ್ತರ ಒಂದೇ, ಇಳಿದುಬಿಡಿ. 2023ರ ಮಾರ್ಚ್‌ನಲ್ಲಿ ಅದು ಉದ್ಘಾಟನೆ ಆದ ಮೇಲೆ ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್ ಬಂತು, ಮದ್ದೂರಿನ ಮೇಲೆ ಸೇತುವೆಯಲ್ಲೇ ಹಾರಿ ಹೋಗುತ್ತೀರಿ. ತಟ್ಟೆ ಇಡ್ಲಿ, ಮದ್ದೂರು ವಡೆ ಎಲ್ಲಾ ಕೆಳಗಿನ ಹಳೇ ರಸ್ತೆಯಲ್ಲೇ ಉಳಿದುಕೊಂಡಿವೆ. ನಾನು ಬೈಕಿನವನು. 2023ರ ಆಗಸ್ಟ್‌ನಿಂದ ಬೈಕಿಗೆ ಮುಖ್ಯ ರಸ್ತೆಗೆ ಪ್ರವೇಶ ಇಲ್ಲ, ಹಾಗಾಗಿ ಎಲ್ಲಾ ಊರಿನೊಳಗೂ ಹಾದು ಹೋಗುತ್ತೇನೆ, ನಿಜ ಹೇಳಬೇಕಂದ್ರೆ ಅದರಲ್ಲೇ ಖುಷಿ ಇದೆ. ಕಾರಿನವರು ನಿಲ್ಲದೆ ಹೋಗುವುದರಿಂದ ಈ ಊರುಗಳ ಹೋಟೆಲಿನವರ ವ್ಯಾಪಾರಕ್ಕೆ ಪೆಟ್ಟು ಬಿದ್ದಿದೆ. ದಯವಿಟ್ಟು ಅರ್ಧ ಗಂಟೆ ಹೆಚ್ಚಾದರೂ ಪರವಾಗಿಲ್ಲ, ಇಳಿದು ತಿನ್ನಿ.

ಮದ್ದೂರು ವಡೆ ಹುಟ್ಟಿದ್ದು ರೈಲಿನವರಿಗಾಗಿ ಅಂತ ಹೇಳುತ್ತಾರೆ. 1917ರಲ್ಲಿ ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುದ್ಯ ಅವರು ರೈಲು ಬರುವಷ್ಟರಲ್ಲಿ ಬೇಗ ಆಗಲಿ ಅಂತ ಹಿಟ್ಟನ್ನು ತಟ್ಟಿ ಕರಿದರಂತೆ. ದಾರಿಹೋಕರಿಗೆ ಅಂತಲೇ ಹುಟ್ಟಿದ ತಿಂಡಿಯನ್ನು ದಾರಿಯಲ್ಲಿ ನಿಂತು ತಿನ್ನದಿದ್ದರೆ ಹೇಗೆ!

ಮಂಡ್ಯ_ಅಡುಗೆಮನೆ

@ಹಳೇರಸ್ತೆ ಸರಿಯಾಗಿ ಹೇಳಿದಿರಿ ಅಣ್ಣ. ಮದ್ದೂರು ವಡೆ ಮನೆಯಲ್ಲೂ ಚೆನ್ನಾಗಿ ಬರುತ್ತೆ. ಅಕ್ಕಿ ಹಿಟ್ಟು, ಚಿರೋಟಿ ರವೆ, ಸ್ವಲ್ಪ ಮೈದಾ. ಈರುಳ್ಳಿ ಮಾತ್ರ ಕೈತುಂಬ ಇರಲಿ, ಮೊದಲು ಉಪ್ಪು ಹಾಕಿ ಚೆನ್ನಾಗಿ ಹಿಸುಕಿ. ಅದು ಬಿಟ್ಟ ನೀರಲ್ಲೇ ಮುಕ್ಕಾಲು ಪಾಲು ಹಿಟ್ಟು ಕಲೆಸಬೇಕು. ಕಾದ ಎಣ್ಣೆ ಒಂದು ಸೌಟು ಹಿಟ್ಟಿಗೆ ಹಾಕುವುದು ಮರೆಯಬೇಡಿ, ಉರಿ ಜೋರು ಬೇಡ.

ಹುಣಸೂರು_ದಾರಿ

ಮಳೆಗಾಲಕ್ಕೆ ನಮ್ಮ ದಾರಿ ಹಿಡಿಯಿರಿ. ಹುಣಸೂರು ದಾಟಿ ಬೈಲಕುಪ್ಪೆಯಲ್ಲಿ ಟಿಬೆಟಿನವರ ಸಣ್ಣ ಹೋಟೆಲುಗಳಿವೆ. ಮಳೆ ಹಿಡಿದಾಗ ಬಿಸಿ ಬಿಸಿ ಥುಕ್ಪಾ (ನೂಡಲ್ಸ್ ಹಾಕಿದ ಸೂಪು) ಕುಡಿದರೆ ಮೈ ಬೆಚ್ಚಗಾಗುತ್ತೆ. ಅಲ್ಲಿಂದ ಕೊಡಗು ಹತ್ತಿರ. ಎಲ್ಲರೂ ಹೋಗಿ ಪಂದಿ ಕರಿ (ಹಂದಿ ಮಾಂಸದ ಸಾರು), ಕಡುಂಬುಟ್ಟು (ಅಕ್ಕಿ ತರಿಯ ಉಂಡೆ ಕಡುಬು) ಕೇಳುತ್ತಾರೆ. ತಪ್ಪೇನಿಲ್ಲ, ಕಾಚಂಪುಳಿ ಅನ್ನೋ ಕೊಡಗಿನ ಕಪ್ಪು ಹುಳಿ ಹಾಕಿದ ಆ ಕಪ್ಪು ಗೊಜ್ಜಿಗೆ ಸಾಟಿ ಇಲ್ಲ. ಆದರೆ ನೀವು ಕಾಲ ನೋಡಿ ತಿನ್ನುವವರಲ್ವಾ, ಹಾಗಾದರೆ ಆಗಸ್ಟ್ 3ರ ಸುಮಾರಿಗೆ ಹೋಗಿ. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಕಕ್ಕಡ ಹದಿನೆಂಟು ಅಂತಾರೆ. ಅವತ್ತು ಮದ್ದು ಸೊಪ್ಪು ಬೇಯಿಸಿ ಅದರ ರಸದಲ್ಲಿ ಪಾಯಸ ಮಾಡುತ್ತಾರೆ, ನೇರಳೆ ಹಣ್ಣಿನ ಬಣ್ಣ ಬರುತ್ತದೆ. ಹೋಟೆಲಿಗಿಂತ ಹೋಂಸ್ಟೇನಲ್ಲಿ ಮೊದಲೇ ಹೇಳಿಟ್ಟರೆ ಮಾಡಿಕೊಡುತ್ತಾರೆ. ಕಣಿಲೆಯೂ (ಎಳೆ ಬಿದಿರು) ಆಗಲೇ. ಮನೆಗೆ ತಂದರೆ ಸಣ್ಣಗೆ ಹೆಚ್ಚಿ, ದಿನಾ ನೀರು ಬದಲಾಯಿಸುತ್ತಾ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಹಸಿಯಾಗಿ ಒಳ್ಳೆಯದಲ್ಲ.

ರುಚಿ_ಮೈಸೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಾಳಕ ಈ ಬೇಸಿಗೆಗೆ ಖಂಡಿತ, ಕೊಡಗಿಗೆ ಆಗಸ್ಟ್‌ನಲ್ಲಿ ರಜೆ ಹಾಕುತ್ತೇನೆ. ಮಂಡ್ಯದ ಅಕ್ಕ, ಇನ್ನೊಂದು ಕೇಳಲಾ? ನೆಂಟರ ಮನೆಯಲ್ಲಿ ಮಳೆಗಾಲದಲ್ಲಿ ಉಪ್ಪೆಸರು ತಿಂದಿದ್ದೆ. ಬಸ್ಸಾರು ನಮ್ಮ ಮನೆಯಲ್ಲೂ ಮಾಡುತ್ತೇವೆ, ಇದು ಹೇಗೆ?

ಮಂಡ್ಯ_ಅಡುಗೆಮನೆ

ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಏನೇನು ಸೊಪ್ಪು ಬರುತ್ತೋ ಎಲ್ಲಾ ಬೆರಕೆ ಮಾಡಿ, ಅದಕ್ಕೇ ಉಪ್ಪೆಸರು ಚೆಂದ. ನಿಮಗೆ ಮಾರ್ಕೆಟ್ಟಿನಲ್ಲಿ ಬೆರಕೆ ಸೊಪ್ಪು ಅಂತ ಕೇಳಿದರೆ ಸಿಗುತ್ತೆ. ತೊಗರಿಬೇಳೆ ಅಥವಾ ಅಲಸಂದೆ ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಉಪ್ಪು ಹಾಕಿ, ಬೇಯಿಸಿ ಬಸಿಯಿರಿ. ಬಸ್ಸಾರಿಗೆ ಮಸಾಲೆ ರುಬ್ಬಿ ಆ ಕಟ್ಟಿನಲ್ಲೇ ಕುದಿಸುತ್ತೀರಿ ಅಲ್ವಾ, ಇಲ್ಲಿ ಹಾಗಲ್ಲ. ಕಟ್ಟು ಉಪ್ಪಿನದ್ದಾಗಿಯೇ ಇರುತ್ತೆ. ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಸೆಹಣ್ಣು, ಉಪ್ಪು ಸೇರಿಸಿ ಗಟ್ಟಿಯಾಗಿ ಖಾರ ಅರೆದು ಬೇರೆ ಬಟ್ಟಲಲ್ಲಿ ಇಡಬೇಕು, ಒರಳಲ್ಲಿ ಅರೆದರೆ ಇನ್ನೂ ಒಳ್ಳೆಯದು. ಸೊಪ್ಪು-ಕಾಳಿಗೆ ಈರುಳ್ಳಿ ಒಗ್ಗರಣೆ ಹಾಕಿ ಪಲ್ಯ. ಮುದ್ದೆ ಪಕ್ಕ ಖಾರ ಹಾಕಿಕೊಂಡು ಮೇಲೆ ಬಿಸಿ ಕಟ್ಟು ಬಿಟ್ಟು ಕಲೆಸಿಕೊಳ್ಳಿ. ಮಕ್ಕಳಿಗೆ ಖಾರ ಕಮ್ಮಿ ಹಾಕಿ, ದೊಡ್ಡವರು ಎಷ್ಟು ಬೇಕೋ ಅಷ್ಟು ಹಾಕಿಕೊಳ್ಳಲಿ.