ಆಯಿಲ್ ಲೈಟ್ ಮಿನುಗಿದರೆ ಮೊದಲು ವೈರ್ ಕೀಳಬೇಡಿ

ಪ್ರಶ್ನೆ (ಹಾಸನ): ನಮಸ್ತೆ ಅಣ್ಣ. ನನ್ನದು ಎರಡು ಸಿಲಿಂಡರ್ ಬೈಕ್, ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. 41,000 ಕಿ.ಮೀ. ಓಡಿದೆ. ಮೊನ್ನೆ ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಹಿಡಿದಾಗೆಲ್ಲ ಕೆಂಪು ಆಯಿಲ್ ಲೈಟ್ ಪಕ್ಕನೆ ಹತ್ತಿ ಆರುತ್ತಿತ್ತು. ಉಜಿರೆಯಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ಆಯಿಲ್ ಮಟ್ಟ ತೋರಿಸುವ ಎಡಗಡೆಯ ಗ್ಲಾಸ್ ನೋಡಿದೆ, ಆಯಿಲ್ ಅರ್ಧಕ್ಕಿಂತ ಮೇಲೇ ಇತ್ತು. ಊರಿನ ಮೆಕ್ಯಾನಿಕ್ "ಸೆನ್ಸರ್ ಹೋಗಿದೆ, ವೈರ್ ಕಿತ್ತುಬಿಡಿ" ಅಂದರು. ಇಂಜಿನ್ನಿಂದ ಬೇರೆ ಶಬ್ದ ಏನೂ ಇಲ್ಲ. ಓಡಿಸಬಹುದಾ?

ಉತ್ತರ (ಮೆಕ್ಯಾನಿಕ್): ಸದ್ಯಕ್ಕೆ ಓಡಿಸಬೇಡಿ. ವೈರನ್ನೂ ಕೀಳಬೇಡಿ.

ನೀವು ಆಯಿಲ್ ನೋಡಿದ ರೀತಿಯಲ್ಲೇ ಎಡವಟ್ಟಾಗಿದೆ. ಸೈಡ್ ಸ್ಟ್ಯಾಂಡ್ ಹಾಕಿದರೆ ಬೈಕ್ ಎಡಕ್ಕೆ ವಾಲುತ್ತದೆ, ಆಯಿಲ್ ಕೂಡ ಎಡಕ್ಕೆ ಬರುತ್ತದೆ. ಎಡಗಡೆಯ ಗ್ಲಾಸ್‌ನಲ್ಲಿ ಇಲ್ಲದ ಆಯಿಲ್ಲೂ ಇದ್ದ ಹಾಗೆ ಕಾಣುತ್ತದೆ. ಸಮತಟ್ಟು ಜಾಗದಲ್ಲಿ ಇಂಜಿನ್ ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು, ಆಫ್ ಮಾಡಿ, ಮತ್ತೆ ಎರಡು ಮೂರು ನಿಮಿಷ ಕಾಯಿರಿ. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ ನೋಡಿ. ಅದಿಲ್ಲದಿದ್ದರೆ ಒಬ್ಬರು ಬೈಕ್ ನೆಟ್ಟಗೆ ಹಿಡಿದುಕೊಳ್ಳಲಿ, ಇನ್ನೊಬ್ಬರು ನೋಡಿ. ಆದರೆ ಇಂಜಿನ್ ಸ್ಟಾರ್ಟ್ ಮಾಡಿದ ಮೇಲೂ ಲೈಟ್ ಆರದೇ ಉಳಿದರೆ ತಕ್ಷಣ ಆಫ್ ಮಾಡಿ. ಆಗ ನಿಂತ ಇಂಜಿನ್ನಲ್ಲೇ ಮಟ್ಟ ನೋಡಿ.

ಬ್ರೇಕ್ ಹಿಡಿದಾಗ ಮಾತ್ರ ಲೈಟ್ ಬರುತ್ತದೆ ಅಂದರೆ ನನ್ನ ಮೊದಲ ಅನುಮಾನ ಆಯಿಲ್ ಕಡಿಮೆ ಇರೋದರ ಮೇಲೇ. ಇಳಿಜಾರಿನಲ್ಲಿ ಬ್ರೇಕ್ ಬಿದ್ದರೆ ಆಯಿಲ್ ಎಲ್ಲ ಮುಂದಕ್ಕೆ ಹೋಗುತ್ತದೆ. ಮನೆ ಸಂಪಿನಲ್ಲಿ ನೀರು ತಳ ಹಿಡಿದಾಗ ಮೋಟರ್ ಗಾಳಿ ಎಳೆಯುವುದಿಲ್ವಾ, ಇಲ್ಲಿ ಆಯಿಲ್ ಪಂಪ್ ಕೂಡ ಅದನ್ನೇ ಮಾಡುತ್ತದೆ. ಆ ಕ್ಷಣಕ್ಕೆ ಪ್ರೆಶರ್ ಬೀಳುತ್ತದೆ, ಲೈಟ್ ಹತ್ತುತ್ತದೆ.

ಈ ಲೈಟ್ ಆಯಿಲ್ ಎಷ್ಟಿದೆ ಅಂತ ಹೇಳುವುದಲ್ಲ, ಪ್ರೆಶರ್ ಇದೆಯೋ ಇಲ್ಲವೋ ಅಂತ ಹೇಳುವುದು. ಇದನ್ನು ಹತ್ತಿಸುವ ಪ್ರೆಶರ್ ಸ್ವಿಚ್ (ನಿಮ್ಮ ಮೆಕ್ಯಾನಿಕ್ "ಸೆನ್ಸರ್" ಅಂದದ್ದು ಇದನ್ನೇ) ತುಂಬ ಸರಳ. ಪ್ರೆಶರ್ ಇಲ್ಲದಾಗ ಒಳಗಿನ ಪಾಯಿಂಟ್ ಇಂಜಿನ್ ಬಾಡಿಗೆ ಅರ್ತ್ ಆಗಿ ಲೈಟ್ ಉರಿಯುತ್ತದೆ. ಪ್ರೆಶರ್ ಬಂದರೆ ಪಾಯಿಂಟ್ ಬಿಡುತ್ತದೆ, ಲೈಟ್ ಆರುತ್ತದೆ. ಹೆಚ್ಚಿನ ಬೈಕ್‌ಗಳಲ್ಲಿ ಅದು ಬಿಡುವುದು ಸುಮಾರು 0.2ರಿಂದ 0.5 ಬಾರ್‌ಗೆ. ಅಂದರೆ ಓಡುವ ಇಂಜಿನ್‌ಗೆ ಬೇಕಾದ ಪ್ರೆಶರ್‌ಗಿಂತ ತುಂಬಾ ಕಡಿಮೆ. ಹಾಗಾಗಿ ಲೈಟ್ ಬಂತು ಅಂದರೆ ಪ್ರೆಶರ್ ಕಡಿಮೆಯಾಗಿದೆ ಅಂತಲ್ಲ, ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಅಂತ. ಪಿಸ್ಟನ್‌ಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ಬೇರಿಂಗ್ ಶೆಲ್‌ಗಳ ಒಳಗೆ ತೆಳ್ಳಗಿನ ಆಯಿಲ್ ಪದರದ ಮೇಲೆ ತಿರುಗುತ್ತದೆ. ಆ ಪದರ ಹೋದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಶಬ್ದ ಬರುವ ಹೊತ್ತಿಗೆ ಬೇರಿಂಗ್ ಕೆಟ್ಟಾಗಿರುತ್ತದೆ, ಅದಕ್ಕೇ "ಶಬ್ದ ಇಲ್ಲ" ಅನ್ನೋದನ್ನು ನಾನು ಸಮಾಧಾನ ಅಂತ ತಗೊಳ್ಳುವುದಿಲ್ಲ.

ಓಡುತ್ತಿರುವಾಗ ಲೈಟ್ ಹತ್ತಿ ನಿಂತೇಬಿಟ್ಟರೆ ಕ್ಲಚ್ ಹಿಡಿದು, ಕಿಲ್ ಸ್ವಿಚ್ ಒತ್ತಿ, ಪಕ್ಕಕ್ಕೆ ಹೋಗಿ. "ಇನ್ನು ನಾಲ್ಕೇ ಕಿಲೋಮೀಟರ್, ಮನೆ ಬಂತು" ಅನ್ನೋ ಲೆಕ್ಕ ಬೇಡ. ಟೆಂಪೋ ಬಾಡಿಗೆ ಕ್ರ್ಯಾಂಕಿಗಿಂತ ಅಗ್ಗ.

ಪ್ರಶ್ನೆ (ಉಡುಪಿ): ಸರ್, ನನ್ನ ಬೈಕಿನದು ಬೇರೆ ಕಥೆ. ಮಳೆಗಾಲದಲ್ಲಿ ವಾಟರ್ ಸರ್ವಿಸ್ ಮಾಡಿಸಿದ ಮೇಲೆ ಲೈಟ್ ಆರುತ್ತಲೇ ಇಲ್ಲ. ಆಯಿಲ್ ಸರಿ ಇದೆ, ನೆಟ್ಟಗೆ ನಿಲ್ಲಿಸಿಯೇ ನೋಡಿದ್ದು.

ಉತ್ತರ: ನಿಮ್ಮದರಲ್ಲಿ ವೈರ್ ಮೇಲೆ ಅನುಮಾನ ಪಡಬಹುದು, ಪರೀಕ್ಷೆಯೂ ಸುಲಭ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಸ್ವಿಚ್ ಮೇಲಿನ ರಬ್ಬರ್ ಕ್ಯಾಪ್ ಸರಿಸಿ ಕನೆಕ್ಟರ್ ತೆಗೆಯಿರಿ. ತೆಗೆದ ಮೇಲೂ ಲೈಟ್ ಉರಿಯುತ್ತಿದ್ದರೆ ವೈರ್ ಎಲ್ಲೋ ಉಜ್ಜಿ ಬಾಡಿಗೆ ತಾಗುತ್ತಿದೆ. ಆರಿದರೆ ವೈರ್ ಸರಿ ಇದೆ. ಇನ್ನು ಸ್ವಿಚ್ ಕೆಟ್ಟಿರಬೇಕು, ಇಲ್ಲವೇ ನಿಜಕ್ಕೂ ಪ್ರೆಶರ್ ಇಲ್ಲ. ಎರಡರಲ್ಲಿ ಯಾವುದು ಅಂತ ಊಹೆ ಮಾಡಬೇಡಿ. ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಮೆಕ್ಯಾನಿಕಲ್ ಪ್ರೆಶರ್ ಗೇಜ್ ಹಾಕಿಸಿ. ಯಾವ ಆರ್‌ಪಿಎಂಗೆ, ಆಯಿಲ್ ಎಷ್ಟು ಬಿಸಿ ಇದ್ದಾಗ ಎಷ್ಟು ಪ್ರೆಶರ್ ಇರಬೇಕು ಅಂತ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಸ್ವಿಚ್ ವಾಪಸ್ ಹಾಕುವಾಗ ತುಂಬಾ ಬಿಗಿ ಮಾಡಬೇಡಿ. ಬಹಳಷ್ಟು ಸ್ವಿಚ್‌ಗಳ ಥ್ರೆಡ್ ಟೇಪರ್ ಇರುತ್ತದೆ, ಅಲ್ಯೂಮಿನಿಯಂ ಕೇಸಿಂಗ್ ಸೀಳಿಬಿಡುತ್ತದೆ.

ಅಂದ ಹಾಗೆ, ಕೀ ಆನ್ ಮಾಡಿದಾಗ ಈ ಲೈಟ್ ಹತ್ತಲೇಬೇಕು. ಹತ್ತದೇ ಇದ್ದರೆ ಖುಷಿ ಪಡಬೇಡಿ, ಯಾರೋ ಆಗಲೇ ವೈರ್ ಕಿತ್ತಿರಬಹುದು. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ ನಾನು ಮೊದಲು ನೋಡುವುದೇ ಇದನ್ನು.

ಪ್ರಶ್ನೆ (ದಾವಣಗೆರೆ): ನನ್ನದು ಸಿಗ್ನಲ್‌ನಲ್ಲಿ ನಿಂತಾಗ, ಅದೂ ಇಂಜಿನ್ ಚೆನ್ನಾಗಿ ಕಾದಾಗ ಮಾತ್ರ ಮಿನುಗುತ್ತದೆ. 10ಡಬ್ಲ್ಯು-40 ಆಯಿಲ್ ಬದಲು ಅದಕ್ಕಿಂತ ದಪ್ಪನೆಯ 20ಡಬ್ಲ್ಯು-50 ಹಾಕಿದರೆ ಸರಿಹೋಗುತ್ತೆ ಅಂತಾರೆ. ಹೌದಾ?

ಉತ್ತರ: ಲೈಟ್ ಆರಬಹುದು, ಕಾಯಿಲೆ ಹಾಗೇ ಉಳಿಯುತ್ತದೆ. ಮ್ಯಾನುಯಲ್‌ನಲ್ಲಿ ಆ ಗ್ರೇಡ್ ಇದ್ದರೆ ಮಾತ್ರ ಹಾಕಿ. ಅದಕ್ಕೂ ಮೊದಲು ಐಡಲ್ ಆರ್‌ಪಿಎಂ ಕಡಿಮೆ ಇದೆಯಾ ನೋಡಿ. ಆಯಿಲ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದು ಮಟ್ಟವೂ ಏರಿದ್ದರೆ ಪೆಟ್ರೋಲ್ ಒಳಗೆ ಸೋರಿ ಆಯಿಲ್ ತೆಳುವಾಗಿದೆ. ಸರ್ವಿಸ್ ಆದ ಮೇಲೆ ಶುರುವಾಗಿದ್ದರೆ ಫಿಲ್ಟರ್ ಉಲ್ಟಾ ಕೂತಿದೆಯಾ, ಓ-ರಿಂಗ್ ಬಿಟ್ಟುಹೋಗಿದೆಯಾ ನೋಡಬೇಕು. ಇದೆಲ್ಲ ಸರಿ ಇದ್ದರೆ ಅನುಮಾನ ಪಂಪ್, ಹೆಚ್ಚಾದ ಪ್ರೆಶರ್ ಬಿಡುವ ರಿಲೀಫ್ ವಾಲ್ವ್, ಬೇರಿಂಗ್ ಸವೆತದ ಮೇಲೆ. ಅಲ್ಲಿಗೆ ಹೋಗುವ ಮುಂಚೆ ಗೇಜ್ ಹಾಕಿಸಲೇಬೇಕು. ಇನ್ನೊಂದು, ಕಾರಿನ ಆಯಿಲ್ ಹಾಕಬೇಡಿ, ಕ್ಲಚ್ ಸ್ಲಿಪ್ ಆಗಬಹುದು. ಡಬ್ಬದ ಮೇಲೆ ಬೈಕ್ ಕ್ಲಚ್‌ಗೆ ಹೊಂದುವ ಆಯಿಲ್ ಅನ್ನೋ ಗುರುತು, ಜಾಸೋ ಎಂಎ ಅಥವಾ ಎಂಎ2, ನಿಮ್ಮ ಬೈಕಿಗೆ ಹೇಳಿದ್ದು ಯಾವುದೋ ಅದು ಇರಲಿ.

ಪ್ರಶ್ನೆ (ತುಮಕೂರು): ನನ್ನ 100 ಸಿಸಿ ಗಾಡಿಯಲ್ಲಿ ಈ ಲೈಟೇ ಇಲ್ವಲ್ಲ?

ಉತ್ತರ: ಸಣ್ಣ ಗಾಡಿಗಳಲ್ಲಿ ಹೆಚ್ಚಾಗಿ ಕೊಡುವುದಿಲ್ಲ. ಅವುಗಳ ಕ್ರ್ಯಾಂಕ್ ಸಾಮಾನ್ಯವಾಗಿ ಬಾಲ್, ರೋಲರ್ ಬೇರಿಂಗ್ ಮೇಲೆ ತಿರುಗುತ್ತದೆ, ಅಷ್ಟು ಪ್ರೆಶರ್ ಬೇಡ. ಆದರೆ ಆಯಿಲ್ ಬೇಕೇ ಬೇಕು. ಆಗಾಗ ಡಿಪ್‌ಸ್ಟಿಕ್ ನೋಡ್ತಾ ಇರಿ.

ಹಾಸನದವರು: ಅಣ್ಣ, ನೀವು ಹೇಳಿದ ಹಾಗೆ ನೆಟ್ಟಗೆ ನಿಲ್ಲಿಸಿ ನೋಡಿದೆ. ಗ್ಲಾಸ್‌ನಲ್ಲಿ ಏನೂ ಕಾಣಲಿಲ್ಲ! ಮೇಲಿನ ಗೆರೆವರೆಗೆ ತುಂಬಿಸಲು ಹತ್ತಿರ ಹತ್ತಿರ ಒಂದು ಲೀಟರ್ ಬೇಕಾಯಿತು. ಈಗ ಸ್ಟಾರ್ಟ್ ಮಾಡಿದ ಕೂಡಲೇ ಲೈಟ್ ಆರುತ್ತದೆ. ಇನ್ನು ಚಿಂತೆ ಇಲ್ಲ ಅಲ್ವಾ?

ಉತ್ತರ: ಅರ್ಧ ಕೆಲಸ ಆಯಿತು. ಅಷ್ಟು ಆಯಿಲ್ ಹೋದದ್ದು ಎಲ್ಲಿಗೆ? ಡ್ರೈನ್ ಬೋಲ್ಟ್, ಫಿಲ್ಟರ್ ಸುತ್ತ ಜಿನುಗಿದೆಯಾ ನೋಡಿ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಎರಡೂ ಇಲ್ಲದಿದ್ದರೆ ಕಳೆದ ಸಲ ಹಾಕಿದ್ದೇ ಕಡಿಮೆ ಇರಬಹುದು. ಈಗ ತುಂಬಿಸಿದ ಆಯಿಲ್ ಹಾಳಾದರೂ ಪರವಾಗಿಲ್ಲ, ಡ್ರೈನ್ ಮಾಡಿಸಿ, ಬಿಳಿ ಬಟ್ಟೆಯ ಮೇಲೆ ಸೋಸಿ. ಹಳೇ ಫಿಲ್ಟರ್ ಕತ್ತರಿಸಿ ಒಳಗಿನ ಮಡಿಕೆಗಳನ್ನು ಬಿಡಿಸಿ ಬಿಸಿಲಲ್ಲಿ ನೋಡಿ. ಹೊಳೆಯುವ ಚೂರು ಕಂಡರೆ ಅದು ಒಳಗೆ ಸವೆದ ಲೋಹ, ಗಾಡಿ ಸ್ಟಾರ್ಟ್ ಮಾಡಬೇಡಿ, ಫೋಟೋ ಇಲ್ಲಿ ಹಾಕಿ. ಏನೂ ಇಲ್ಲದಿದ್ದರೆ ಹೊಸ ಫಿಲ್ಟರ್, ಹೊಸ ಆಯಿಲ್ ಹಾಕಿ ಓಡಿಸಿ. ಆದರೆ ಕೆಲವು ವಾರ ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗಲೂ ಆ ಗ್ಲಾಸ್ ನೋಡಿ, ನೆಟ್ಟಗೆ ನಿಲ್ಲಿಸಿ.