ಅಪ್‌ಡೇಟ್: ಮಾವನ ಕಾರು ಕೊನೆಗೂ ನನ್ನ ಹೆಸರಿಗೆ

ತೀರ್ಥಹಳ್ಳಿಯ ಸೋದರಮಾವನಿಂದ ಕೊಂಡ ಕೆಎ 14 ಕಾರಿನ ಆರ್‌ಸಿ (ನೋಂದಣಿ ಪತ್ರ) ನನ್ನ ಹೆಸರಿಗೆ ಆಗ್ತಿಲ್ಲ ಅಂತ ಕೇಳಿದ್ದೆನಲ್ಲ, ಆಯ್ತು ಮಾರಾಯ್ರೇ! ಹಳೇ ಸಾಲದ ನಮೂದೇ ಅಡ್ಡಿ ಅಂತ ನೀವಂದದ್ದೇ ಸರಿ. ಮಾವನ ಕಾರು ಸಾಲ ತೀರಿ ವರ್ಷಗಳಾದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿತ್ತು. ಸಾಲ ತೀರಿದೆ ಅಂತ ಬ್ಯಾಂಕು ಕೊಟ್ಟ ಎನ್‌ಒಸಿಯನ್ನು ಮಾವ ಅಡಿಕೆ ಮಂಡಿಯ ಚೀಟಿಗಳ ನಡುವೆ ಇಟ್ಟು ಮರೆತಿದ್ದರು. ಮಳೆಗಾಲದ ತಂಡಿಗೆ ಬೂಷ್ಟು ಹಿಡಿದು ಸೀಲೇ ಕಾಣ್ತಿರಲಿಲ್ಲ. ಬ್ಯಾಂಕಿನಿಂದ ಹೊಸದು ತಂದು, ಫಾರಂ 35 ಕೊಟ್ಟು ಸಾಲದ ನಮೂದು ತೆಗೆಸಿದ ಮೇಲೆ, ಮಾಲೀಕತ್ವ ಬದಲಿಸುವ ಫಾರಂ 29, 30 ಸಲೀಸಾಗಿ ದಾಟಿದವು. (29 ಎರಡು ಪ್ರತಿ ಬೇಕು, ನೆನಪಿರಲಿ.) ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತೆಗೆಯೋಕೆ ಬಾನೆಟ್ ಎತ್ತಿದರೆ ಒಳಗೆ ಇಲಿಗೂಡು, ಅದು ಬೇರೆ ಕಥೆ. ಇನ್ಶೂರೆನ್ಸ್ ಇನ್ನೂ ಮಾವನ ಹೆಸರಲ್ಲೇ ಇದೆ. ಅದನ್ನು ನನ್ನ ಹೆಸರಿಗೆ ಮಾಡಿಸೋಕೆ 14 ದಿನದ ಗಡುವು, ನಾಳೆ ಬೆಳಗ್ಗೆಯೇ ಹೊರಟೆ.